ಕಪ್ಪೆಯ ದನಿ ನಿಂತ ಕೆರೆ: ದೋಷ ಎಲ್ಲಿದೆಯೆಂದು ಹುಡುಕುವ ಬಗೆ

ಭರಣಿಯದೋ ಕೃತ್ತಿಕೆಯದೋ ಮೊದಲ ಹದಮಳೆ ಬಿದ್ದ ರಾತ್ರಿ ಮಂಡ್ಯ ಸೀಮೆಯ ಕೆರೆಯ ಏರಿಯ ಮೇಲೆ ನಿಂತರೆ, ಕಪ್ಪೆಗಳ ಕೂಗಿನ ನಡುವೆ ಪಕ್ಕದವರ ಮಾತು ಕೇಳಿಸಬಾರದು. ಆ ರಾತ್ರಿ ಕೆರೆ ನಿಶ್ಶಬ್ದವಾಗಿದ್ದರೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಅಥವಾ ಹೊಳೆಯಲ್ಲಿ ಬಲಿತ ಮೀನು ಕಂಡರೂ ಅದರ ಮರಿಗಳು ಎಲ್ಲಿಯೂ ಕಾಣದಿದ್ದರೆ, ಆ ನೆಲೆಯಲ್ಲಿ ಏನೋ ಕೆಟ್ಟಿದೆ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂಬುದನ್ನು ಹೆಚ್ಚು ಖರ್ಚಿಲ್ಲದೆ, ಊರಿನವರೇ ಸೇರಿ ಪತ್ತೆಹಚ್ಚುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಇಂತಹ ಸಂದರ್ಭದಲ್ಲಿ ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ‘ನೀರು ಕೆಟ್ಟಿದೆ’ ಎಂಬುದು. ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಕೆರೆಯಲ್ಲಿ ಕಪ್ಪೆಯ ಸದ್ದು ಅಡಗಿದಾಗ ನಾವೂ ಹಾಗೆಯೇ ತಿಳಿದು, ಎರಡು ಬಾರಿ ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ಎರಡು ಬಾರಿಯೂ ಹೇಳಿಕೊಳ್ಳುವಂತಹ ದೋಷ ಕಾಣಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹೂಳೆತ್ತಿದಾಗ ಕೆರೆಯ ಸುತ್ತಲಿನ ದಂಡೆಯನ್ನು ಗೋಡೆಯಂತೆ ಕಡಿದು ಕಲ್ಲು ಕಟ್ಟಿದ್ದರು, ದೋಷವಿದ್ದದ್ದು ಅಲ್ಲಿ. ಮೊಣಕಾಲುದ್ದದ ನೀರು ನಿಲ್ಲುತ್ತಿದ್ದ ಅಂಚು ಇಲ್ಲವಾಗಿತ್ತು. ಅದನ್ನು ತಿಳಿಯಲು ನಮಗೆ ಎರಡು ಮಳೆಗಾಲಗಳು ಬೇಕಾದವು. ಅಂದಿನಿಂದ ಯಾವ ಕೆರೆಗೆ ಹೋದರೂ ನಾನು ನೀರನ್ನು ನೋಡುವ ಮೊದಲು ಅಂಚನ್ನು ನೋಡುತ್ತೇನೆ.

ಸರಪಳಿ ಎಲ್ಲಿ ತುಂಡಾಗಿದೆ?

ಕಪ್ಪೆಯ ಬದುಕು ನೆಲ ಮತ್ತು ನೀರು ಎರಡಕ್ಕೂ ಹಬ್ಬಿಕೊಂಡಿರುವುದರಿಂದ, ದೊಡ್ಡ ಕಪ್ಪೆ, ಮೊಟ್ಟೆ, ಗೊದಮೊಟ್ಟೆ, ಬಾಲ ಕಳಚಿದ ಮರಿ ಎಂಬ ನಾಲ್ಕು ಹಂತಗಳಲ್ಲಿ ಯಾವುದು ಕಾಣೆಯಾಗಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮಳೆ ಬಿದ್ದ ಮೂರು ರಾತ್ರಿ ಏಳೂವರೆಯಿಂದ ಒಂಬತ್ತೂವರೆಯವರೆಗೆ ಕೆರೆಯ ಸುತ್ತ ಐದು ಜಾಗಗಳಲ್ಲಿ ಐದೈದು ನಿಮಿಷ ನಿಂತು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ. ಅದೇ ರಾತ್ರಿ ಪಕ್ಕದೂರಿನ ಕೆರೆಯಲ್ಲಿಯೂ ಒಬ್ಬರು ಹಾಗೆಯೇ ಮಾಡಬೇಕು. ಮಳೆ ಸಾಲದೆ ಎಲ್ಲ ಕೆರೆಗಳೂ ಮೌನವಾಗಿದ್ದರೆ ನಿಮ್ಮ ಕೆರೆಯಲ್ಲಿ ದೋಷ ಹುಡುಕಿ ಫಲವಿಲ್ಲ. ಮೈಸೂರು, ಮಂಡ್ಯ ಕಡೆ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಮಳೆ ಬಲವಾಗುವುದರಿಂದ ವರ್ಷಕ್ಕೆ ಇಂತಹ ಎರಡು ಅವಕಾಶಗಳು ದೊರೆಯುತ್ತವೆ.

ಮಾರನೆಯ ಬೆಳಿಗ್ಗೆ ಮೊಟ್ಟೆಗಳನ್ನು ಹುಡುಕಬೇಕು. ನೆಲಗಪ್ಪೆಯ ಮೊಟ್ಟೆಗಳು ಕರಿಮಣಿ ಪೋಣಿಸಿದ ಲೋಳೆಯ ದಾರದಂತೆ ನೀರಿನೊಳಗಿನ ಗಿಡಗಳಿಗೆ ಸುತ್ತಿಕೊಂಡಿರುತ್ತವೆ. ಗೋಂಕರುಕಪ್ಪೆಯ ಮೊಟ್ಟೆಗಳು ತೆಳುನೀರಿನ ಗುಂಡಿಗಳಲ್ಲಿ ಇರುತ್ತವೆ. ಮರಗಪ್ಪೆ ನೀರಿನ ಮೇಲೆ ಬಾಗಿದ ಕೊಂಬೆಗೋ, ತೊಟ್ಟಿಯ ಗೋಡೆಗೋ ಬಿಳಿಯ ನೊರೆಯ ಗೂಡು ಅಂಟಿಸಿ ಅದರಲ್ಲಿ ಮೊಟ್ಟೆಯಿಡುತ್ತದೆ. ಗೊದಮೊಟ್ಟೆಗಳು ಬೆಳೆದ ಮೇಲೆ ಕೆಳಗಿನ ನೀರಿಗೆ ಬೀಳುತ್ತವೆ. ನಮ್ಮ ಸೆಖೆಯಲ್ಲಿ ನೆಲಗಪ್ಪೆ, ಗೋಂಕರುಕಪ್ಪೆಗಳ ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆಯುವುದರಿಂದ ತಡಮಾಡಿ ಹೋದರೆ ಮೊಟ್ಟೆಯೇ ಇರಲಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ. ಆಮೇಲೆ ಹದಿನೈದನೆಯ ದಿನ ಮತ್ತು ಮೂವತ್ತೈದನೆಯ ದಿನ ಅದೇ ಜಾಗಗಳಿಗೆ ಹೋಗಿ ನೋಡಿ.

ಕೂಗೇ ಇಲ್ಲದಿದ್ದರೆ ದೋಷ ಬಹುಮಟ್ಟಿಗೆ ನೆಲದ ಮೇಲಿದೆ: ಕೆರೆಗೂ ಹೊಲಕ್ಕೂ ನಡುವಿನ ಬೇಲಿ, ಪೊದೆ, ತರಗೆಲೆ ಹೋಗಿರಬಹುದು, ಅಥವಾ ನಡುವೆ ಬಂದ ರಸ್ತೆಯಲ್ಲಿ ಮಳೆಯ ರಾತ್ರಿ ಕಪ್ಪೆಗಳು ಚಕ್ರಕ್ಕೆ ಸಿಗುತ್ತಿರಬಹುದು. ಕೂಗು ಮತ್ತು ಮೊಟ್ಟೆ ಇದ್ದು ಗೊದಮೊಟ್ಟೆ ಇಲ್ಲದಿದ್ದರೆ ತಿನ್ನುವ ಮೀನನ್ನೋ ವಿಷವನ್ನೋ ಸಂಶಯಿಸಬೇಕು. ಗೊದಮೊಟ್ಟೆ ತುಂಬಿದ್ದು ಮರಿ ಮಾತ್ರ ಹೊರಬರದಿದ್ದರೆ, ನೀರು ಬೇಗ ಬತ್ತಿದೆ ಅಥವಾ ಹತ್ತಿ ಬರಲು ದಾರಿಯಿಲ್ಲ. ನೀರಿನ ಮೇಲೆ ಚಿಮ್ಮುತ್ತ ಓಡುವ ಸಣ್ಣ ಕಪ್ಪೆ ಮಾತ್ರ ಉಳಿದು ಮಿಕ್ಕವೆಲ್ಲ ಹೋಗಿದ್ದರೆ, ಕೆರೆ ನೆಟ್ಟಗಿದ್ದು ಅದರ ಸುತ್ತಲಿನ ಮಳೆಗಾಲದ ಹೊಂಡಗಳು ಮುಚ್ಚಿಹೋಗಿವೆ ಎಂದು ನಾನು ಎಣಿಸುತ್ತೇನೆ. ಏಕೆಂದರೆ ಆ ಕಪ್ಪೆ ವರ್ಷವಿಡೀ ನಿಂತ ನೀರಿನಲ್ಲಿಯೇ ಬದುಕಬಲ್ಲದು, ಉಳಿದವುಗಳಿಗೆ ಮೀನಿಲ್ಲದ ತಾತ್ಕಾಲಿಕ ನೀರು ಹೆಚ್ಚು ಹಿತ.

ಮೀನು ಸತ್ತಿದ್ದರೆ

ಇಲ್ಲಿ ಗಂಟೆಗಳ ಲೆಕ್ಕವಿದೆ. ಸತ್ತ ಮೀನುಗಳನ್ನು ಬಾಚಿ ತೆಗೆಯುವ ಮೊದಲು ಯಾವ ಜಾತಿ, ಯಾವ ಗಾತ್ರ, ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಳ್ಳಬೇಕು. ದೋಷ ನಿರ್ಣಯದ ಅರ್ಧ ಕೆಲಸ ಆ ಬರಹದಲ್ಲಿಯೇ ಮುಗಿಯುತ್ತದೆ.

ಆಮ್ಲಜನಕ ಕುಸಿದು ಮೀನು ಸತ್ತಿದ್ದರೆ ಸಾವು ನಸುಕಿನಲ್ಲಿ ಕಾಣುತ್ತದೆ, ದೊಡ್ಡ ಮೀನು ಮೊದಲು ಸಾಯುತ್ತದೆ, ಸಣ್ಣವು ಮೇಲ್ಮೈಯಲ್ಲಿ ಗಾಳಿ ಹೀರುತ್ತ ಬಿಸಿಲೇರುವವರೆಗೆ ಹೇಗೋ ಉಳಿದುಕೊಳ್ಳುತ್ತವೆ. ರಾತ್ರಿಯಿಡೀ ಪಾಚಿ ಮತ್ತು ಕೆಸರಿನ ಜೀವಾಣುಗಳು ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಅದು ಸೂರ್ಯೋದಯಕ್ಕೆ ಮುಂಚೆ ಅತಿ ಕಡಿಮೆಯಿರುತ್ತದೆ. ಮೋಡ ಮುಚ್ಚಿದ ದಿನಗಳು ಸಾಲಾಗಿ ಬಂದರೆ, ಇಲ್ಲವೆ ಮೊದಲ ಮಳೆಯ ನೀರು ಚರಂಡಿಯ ಕೊಳೆಯನ್ನೆಲ್ಲ ಒಮ್ಮೆಗೇ ಕೆರೆಗೆ ತಳ್ಳಿದರೆ ಇದು ಸಂಭವಿಸುತ್ತದೆ. ಇದಕ್ಕೆ ಇನ್ನೊಂದು ಸಾಕ್ಷಿಯನ್ನು ಕೊರವ ಮತ್ತು ಚೇಳುಮೀನು ಒದಗಿಸುತ್ತವೆ. ಅವು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು. ಕಟ್ಲಾ, ರೋಹು ಸತ್ತು ಕೊರವ ಬದುಕಿದ್ದರೆ ಆಮ್ಲಜನಕದ ಕೊರತೆ ಎಂದು ಬಹುತೇಕ ಧೈರ್ಯವಾಗಿ ಹೇಳಬಹುದು.

ವಿಷವಾದರೆ ಚಿತ್ರವೇ ಬೇರೆ. ಸಾವಿಗೆ ಇಂತಹದೇ ಹೊತ್ತೆಂಬುದಿರುವುದಿಲ್ಲ, ಮರಿಗಳು ಮತ್ತು ಸಸಲಿನಂತಹ ಸಣ್ಣ ಮೀನುಗಳು ಮೊದಲು ಸಾಯುತ್ತವೆ, ಕೊರವವೂ ಉಳಿಯದಿರಬಹುದು, ದಂಡೆಯಲ್ಲಿ ಏಡಿ, ಸೀಗಡಿ ಮತ್ತು ನೀರಿನ ಹುಳುಗಳು ಸತ್ತು ಬಿದ್ದಿರುತ್ತವೆ. ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಮೀನು ಮತ್ತು ಏಡಿಗಳನ್ನು ಕೊಲ್ಲುತ್ತವೆ. ಸೊಳ್ಳೆಮರಿಯ ಸಹಾಯದಿಂದ ಒಂದು ಸುಲಭದ ಪರೀಕ್ಷೆ ಮಾಡಬಹುದು: ಕೆರೆಯ ನೀರನ್ನು ಒಂದು ಡಬ್ಬದಲ್ಲಿ, ಶುದ್ಧ ಬಾವಿ ನೀರನ್ನು ಇನ್ನೊಂದರಲ್ಲಿ ತುಂಬಿ, ಎರಡಕ್ಕೂ ಇಪ್ಪತ್ತು ಸೊಳ್ಳೆಮರಿಗಳನ್ನು ಬಿಡಿ. ಸೊಳ್ಳೆಮರಿ ನಳಿಕೆಯ ಮೂಲಕ ಗಾಳಿಯನ್ನು ಎಳೆದುಕೊಳ್ಳುವುದರಿಂದ ಆಮ್ಲಜನಕದ ಕೊರತೆ ಅದಕ್ಕೆ ತಟ್ಟುವುದಿಲ್ಲ. ಕೆರೆಯ ನೀರಿನಲ್ಲಿ ಮಾತ್ರ ಅವು ಕೆಲವು ಗಂಟೆಗಳಲ್ಲಿ ಸತ್ತರೆ ಕೀಟನಾಶಕದ ಅನುಮಾನ ಬಲವಾಗುತ್ತದೆ. ಸಾಯದಿದ್ದರೆ ವಿಷವಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ.

ಮೂರನೆಯದು ಅಮೋನಿಯಾ. ಪಾಚಿಯಿಂದ ಹಸಿರುಗಟ್ಟಿದ ನೀರಿನ ಪಿಎಚ್ (ಆಮ್ಲ–ಕ್ಷಾರ ಗುಣದ ಅಳತೆ) ಮಧ್ಯಾಹ್ನ 9ರವರೆಗೂ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 9ಕ್ಕೆ ಏರಿದರೆ ಮೂರನೆಯ ಒಂದು ಪಾಲು ವಿಷರೂಪಕ್ಕೆ ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ತುಂಬಿದ ಬಾಟಲಿಯಲ್ಲಿ ಕಾಣದ ದೋಷ ಮಧ್ಯಾಹ್ನದ ನೀರಿನಲ್ಲಿ ಇರಬಹುದು. ಪಿಎಚ್ ಪಟ್ಟಿಯನ್ನು ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅದ್ದಿ ನೋಡಲೇಬೇಕು. ಕರಗಿದ ಆಮ್ಲಜನಕವನ್ನು ಅಳೆಯುವ ಕಿಟ್ ಸಿಕ್ಕರೆ ನಸುಕಿನಲ್ಲಿಯೇ ಅಳೆಯಿರಿ: ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನಮ್ಮ ಮೀನುಗಳಿಗೆ ಸಾಕು, 2ಕ್ಕಿಂತ ಕೆಳಗಿಳಿದರೆ ಅಪಾಯ.

ಈ ಸಂಖ್ಯೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಳೆಯ ಸಂರಕ್ಷಣೆಯ ಬಗ್ಗೆ ಹೊರದೇಶಗಳಲ್ಲಿ ಬಂದಿರುವ ಬರವಣಿಗೆಯಲ್ಲಿ ಬಹಳಷ್ಟು ಟ್ರೌಟ್ ಮೀನನ್ನು ಕುರಿತದ್ದು. ಟ್ರೌಟ್‌ಗೆ 20 ಡಿಗ್ರಿಗಿಂತ ತಣ್ಣಗಿನ, ಆಮ್ಲಜನಕ ತುಂಬಿದ, ಜಲ್ಲಿಹಾಸಿನ ತೊರೆ ಬೇಕು. ನಮ್ಮ ದೇಶದಲ್ಲಿ ಅದು ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಮೀನು, ಹಿಮಾಲಯದ ತೊರೆಗಳಲ್ಲಿಯೂ ನೀಲಗಿರಿ, ಮುನ್ನಾರ್‌ನಂತಹ ಎತ್ತರದ ನೀರಿನಲ್ಲಿಯೂ ಮಾತ್ರ ನಿಂತಿದೆ. ಆ ಅಳತೆಗೋಲನ್ನು ಹಿಡಿದು ಮಂಡ್ಯದ ಕೆರೆಯನ್ನು ಅಳೆದರೆ ಎಲ್ಲ ಕೆರೆಯೂ ರೋಗಿಷ್ಠವೆಂದೇ ತೋರುತ್ತದೆ.

ಪರೀಕ್ಷೆಗೆ ಕಳುಹಿಸುವ ನೀರನ್ನು ಗಾಳಿಯ ಗುಳ್ಳೆಯಿಲ್ಲದಂತೆ ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ, ಅದೇ ದಿನ ತಲುಪಿಸಬೇಕು. ಜೊತೆಗೆ ಕೆರೆಗೆ ನೀರು ಬರುವ ಕಾಲುವೆಯ ಮೇಲಿನ ಒಂದು ಮಾದರಿಯೂ ಇರಲಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಅದೇ ದಿನ ಲಿಖಿತವಾಗಿ ತಿಳಿಸುವುದು ಒಳ್ಳೆಯದು. 1974ರ ಜಲ ಕಾಯ್ದೆಯಂತೆ ಮಾದರಿ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ, ನಾವು ತೆಗೆದ ಬಾಟಲಿಗೆ ಕಾನೂನಿನಲ್ಲಿ ಆ ತೂಕವಿಲ್ಲ.

ಮೊಟ್ಟೆಯಿದ್ದು ಗೊದಮೊಟ್ಟೆಯಿಲ್ಲದಿದ್ದರೆ

ಬಿಳಿಯ ತಟ್ಟೆಯೊಂದನ್ನು ಅಂಚಿನ ನೀರಿನಲ್ಲಿ ಮುಳುಗಿಸಿ ಕಾಯಿರಿ. ಅಂಗುಲ ಉದ್ದದ, ಬೂದು ಬಣ್ಣದ, ಮೇಲ್ಮುಖವಾದ ಬಾಯಿಯ ಸಣ್ಣ ಮೀನುಗಳು ಹಿಂಡಾಗಿ ಬಂದರೆ ಅವು ಗ್ಯಾಂಬೂಸಿಯಾ ಆಗಿರಬಹುದು. ಸೊಳ್ಳೆ ನಿಯಂತ್ರಣಕ್ಕೆಂದು ಕೆರೆಗೂ ಬಾವಿಗೂ ಬಿಟ್ಟಿರುವ ಈ ಉತ್ತರ ಅಮೆರಿಕದ ಮೀನು ಕಪ್ಪೆಯ ಮೊಟ್ಟೆಯನ್ನೂ ಎಳೆಯ ಗೊದಮೊಟ್ಟೆಯನ್ನೂ ತಿನ್ನುತ್ತದೆ, ಬಲಿತವುಗಳ ಬಾಲವನ್ನು ಕಚ್ಚುತ್ತದೆ. ಜಿಲೇಬಿ ಮೀನು (ತಿಲಾಪಿಯಾ) ಮತ್ತು ಆಫ್ರಿಕನ್ ಕ್ಯಾಟ್‌ಫಿಶ್‌ಗಳಿಂದಲೂ ಹಾನಿಯಿದೆ. ಎರಡನೆಯದನ್ನು ಸಾಕುವುದನ್ನೇ ಸರ್ಕಾರ ನಿಷೇಧಿಸಿದೆ.

ಹೊರಗಿನಿಂದ ತಂದು ಬಿಟ್ಟ ಮೀನು ಕಪ್ಪೆಗಳಿಗೆ ಏನು ಮಾಡುತ್ತದೆ ಎಂಬುದಕ್ಕೆ ಸ್ಪಷ್ಟವಾದ ನಿದರ್ಶನ ಟ್ರೌಟ್‌ನದೇ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಸರೋವರಗಳಲ್ಲಿ ಬಹುಪಾಲಿನಲ್ಲಿ ಮೊದಲು ಮೀನೇ ಇರಲಿಲ್ಲ. ಗಾಳ ಹಾಕುವವರಿಗಾಗಿ ಅಲ್ಲಿ ಟ್ರೌಟ್ ಬಿಟ್ಟ ಮೇಲೆ ಹಳದಿ ಕಾಲಿನ ಬೆಟ್ಟದ ಕಪ್ಪೆಗಳು ಅಲ್ಲಿಂದ ಮರೆಯಾಗತೊಡಗಿದವು. ಕೆಲವು ಸರೋವರಗಳಿಂದ ಬಲೆ ಹಾಕಿ ಟ್ರೌಟ್ ತೆಗೆದಾಗ ಕೆಲವೇ ವರ್ಷಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿದವು. ತನ್ನ ಸ್ವಂತ ತೊರೆಯಲ್ಲಿ ಉಳಿಸಬೇಕಾದ ಮೀನು ಇನ್ನೊಂದು ನೀರಿನಲ್ಲಿ ತೆಗೆಯಬೇಕಾದ ಮೀನಾಗುತ್ತದೆ. ನಮ್ಮ ಕೆರೆಗಳಲ್ಲಿ ಗ್ಯಾಂಬೂಸಿಯಾವನ್ನು ಪೂರ್ತಿ ತೆಗೆಯುವುದು ಕಷ್ಟ. ಬೇಸಿಗೆಯಲ್ಲಿ ಸಂಪೂರ್ಣ ಬತ್ತುವ ಪುಟ್ಟ ಹೊಂಡಗಳನ್ನು ಕೆರೆಯ ಹತ್ತಿರ, ಆದರೆ ಕೋಡಿ ನೀರು ತಲುಪದ ಎತ್ತರದಲ್ಲಿ ತೋಡುವುದೇ ನಾನು ಕಂಡಂತೆ ಫಲ ಕೊಟ್ಟ ಉಪಾಯ. ಮಳೆಯಲ್ಲಿ ತುಂಬಿ ಕನಿಷ್ಠ ಆರು ವಾರ ನೀರು ನಿಂತರೆ ಸಾಕು.

ದಂಡೆಯ ದೋಷ

ಕೆರೆಯ ಕೆಲಸ ಮಾಡಿಸುವವರು ಹೆಚ್ಚು ನೀರು ಹಿಡಿಯಲೆಂದು ಇಡೀ ಕೆರೆಯಂಗಳವನ್ನು ಬಟ್ಟಲಿನಂತೆ ಕೊರೆಯುತ್ತಾರೆ, ಜೊಂಡನ್ನು ಬೇರುಸಹಿತ ಕೀಳುತ್ತಾರೆ, ಸುತ್ತ ಕಲ್ಲು ಕಟ್ಟಿ ನಡೆಯುವ ಹಾದಿಯನ್ನೂ ದೀಪಗಳನ್ನೂ ಹಾಕುತ್ತಾರೆ. ಏರಿಗೆ ಕಲ್ಲಿನ ರಕ್ಷಣೆ ಬೇಕು, ಅದರಲ್ಲಿ ವಾದವಿಲ್ಲ. ಉಳಿದ ಮೂರು ಬದಿಗೂ ಕಲ್ಲು ಏಕೆ ಎಂಬ ಪ್ರಶ್ನೆಯನ್ನು ಕೆಲಸ ಆರಂಭವಾಗುವ ಮೊದಲೇ ಗ್ರಾಮಸಭೆಯಲ್ಲಿ ಕೇಳಬೇಕು. ಕಪ್ಪೆಗೆ ಬೇಕಾದದ್ದು ಗೇಣುದ್ದದಿಂದ ಮೊಣಕಾಲುದ್ದದವರೆಗಿನ ಬೆಚ್ಚಗಿನ ನೀರು. ಗೊದಮೊಟ್ಟೆಗೆ ಪಾಚಿ, ಮರಿಗೆ ನಡೆದು ಹತ್ತಬಲ್ಲ ಇಳಿಜಾರು, ಅದರಾಚೆಗೆ ಅಡಗಲು ಹುಲ್ಲು. ಇವೆಲ್ಲ ಇರುವುದು ಅಂಚಿನ ಹತ್ತಿಪ್ಪತ್ತು ಅಡಿಯೊಳಗೆ.

ಪರೀಕ್ಷೆ ಸರಳ. ಉದ್ದನೆಯ ಕೋಲು ಹಿಡಿದು ನೀರಂಚಿನಿಂದ ಹತ್ತು ಅಡಿ ಒಳಕ್ಕೆ ಆಳ ನೋಡಿ. ಒಂದರಿಂದ ಎರಡು ಅಡಿಯಿದ್ದರೆ ಅಂಚು ಸರಿಯಿದೆ. ಐದಾರು ಅಡಿ ಇದ್ದರೆ ದೋಷ ಅಲ್ಲಿಯೇ ಇದೆ. ಕಟ್ಟಿದ ಗೋಡೆಯನ್ನು ಕೆಡವಲಾಗದಿದ್ದರೆ ಮೂವತ್ತು ಅಡಿಗೊಂದರಂತೆ ಮಣ್ಣಿನ ಇಳಿಜಾರು ತುಂಬಿ ಅದರ ಮೇಲೆ ಗರಿಕೆ, ಜೊಂಡು ನಾಟಿಸಬಹುದು. ನಾವು ಮಾಡಿದ್ದು ಅದನ್ನೇ. ಮೊದಲ ಮಳೆಗೆ ಅರ್ಧ ಮಣ್ಣು ಕೊಚ್ಚಿಹೋಯಿತು. ಎರಡನೆಯ ಸಲ ಗೋಣಿಚೀಲಗಳಲ್ಲಿ ಮಣ್ಣು ತುಂಬಿ ಮೆಟ್ಟಿಲಿನಂತೆ ಜೋಡಿಸಿದ ಮೇಲೆ ನಿಂತಿತು. ಹಾದಿಯ ದೀಪಗಳನ್ನು ಮಳೆಯ ತಿಂಗಳುಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಆರಿಸುವಂತೆ ಕೇಳಿಕೊಳ್ಳುವುದೂ ಅಗತ್ಯ.

ಅಂತರಗಂಗೆಯ ವಿಷಯದಲ್ಲಿ ಎರಡು ಅತಿಗಳನ್ನು ನೋಡಿದ್ದೇನೆ. ಕೆರೆಯನ್ನು ಪೂರ್ತಿ ಮುಚ್ಚಿದರೆ ಅದು ಬೆಳಕನ್ನೂ ಗಾಳಿಯನ್ನೂ ತಡೆದು ಕೆಳಗಿನ ನೀರನ್ನು ಕೊಲ್ಲುತ್ತದೆ. ಅದು ಅಷ್ಟು ಬೆಳೆಯುವುದು ಊರಿನ ಬಚ್ಚಲು ನೀರೋ ಗೊಬ್ಬರದ ನೀರೋ ಸೇರುತ್ತಿದೆ ಎಂಬುದರ ಗುರುತು. ಒಂದೇ ವಾರದಲ್ಲಿ ಯಂತ್ರ ತಂದು ಎಲ್ಲವನ್ನೂ ಎಳೆದು ಹಾಕಿದರೆ ಆಸರೆಯೂ ಹೋಗುತ್ತದೆ. ಮೂರನೆಯ ಒಂದು ಪಾಲಿನಂತೆ ತೆಗೆಯುವುದು, ಎಳೆದ ರಾಶಿಯನ್ನು ಒಂದು ರಾತ್ರಿ ನೀರಂಚಿನಲ್ಲಿ ಬಿಟ್ಟು ಒಳಗಿನ ಜೀವಗಳು ಮರಳಲು ಸಮಯ ಕೊಟ್ಟು, ಬಳಿಕ ದೂರ ಸಾಗಿಸುವುದು ಸರಿಯಾದ ಕ್ರಮ.

ಗದ್ದೆ ಮತ್ತು ನಾಲೆ

ನಮ್ಮ ಜಿಲ್ಲೆಯಲ್ಲಿ ಕಪ್ಪೆಗಳ ಅತಿ ದೊಡ್ಡ ತೊಟ್ಟಿಲು ಭತ್ತದ ಗದ್ದೆ. ಕಟ್ಟು ನೀರಿನ ಪದ್ಧತಿಯಲ್ಲಿ ನಾಲೆ ಕೆಲವು ದಿನ ಹರಿದು ಕೆಲವು ದಿನ ನಿಂತಾಗ ಗದ್ದೆ ಒಣಗಿ ಗೊದಮೊಟ್ಟೆಗಳು ಕೆಸರಿನಲ್ಲಿ ಸಾಯುತ್ತವೆ. ಗದ್ದೆಯ ತಗ್ಗಿನ ಮೂಲೆಯಲ್ಲಿ ಎರಡು ಅಡಿ ಆಳದ ಪುಟ್ಟ ಗುಂಡಿಯಿದ್ದರೆ ಅವು ಅಲ್ಲಿಗೆ ಸರಿದು ಮುಂದಿನ ಸರದಿಯ ನೀರಿಗೆ ಕಾಯುತ್ತವೆ. ನಾಟಿಯಾದ ಕೆಲವೇ ದಿನಗಳಲ್ಲಿ ಹಾಕುವ ಬ್ಯುಟಾಕ್ಲೋರ್‌ನಂತಹ ಕಳೆನಾಶಕ ಮೀನಿಗೂ ಗೊದಮೊಟ್ಟೆಗೂ ವಿಷ. ಹಾಕಿದ ಮೇಲೆ ಗದ್ದೆಯ ನೀರನ್ನು ಬಸಿಗಾಲುವೆಗೆ ಬಿಡದೆ ಹಲವು ದಿನ ಕಟ್ಟಿ ನಿಲ್ಲಿಸಿದರೆ ಕೆಳಗಿನ ಕೆರೆಯಾದರೂ ಉಳಿಯುತ್ತದೆ. ಗ್ಲೈಫೋಸೇಟ್ ಬಗ್ಗೆ ಒಂದು ಮಾತು: ಗೊದಮೊಟ್ಟೆಗಳಿಗೆ ಮೂಲ ಔಷಧಿಗಿಂತ ಅದರಲ್ಲಿ ಬೆರೆಸುವ, ಎಲೆಗೆ ಅಂಟಿಸುವ ಸಾಬೂನಿನಂತಹ ವಸ್ತು ಹೆಚ್ಚು ಮಾರಕವಾಗಿರಬಲ್ಲದು. ಆದ್ದರಿಂದ ಕಾಲುವೆಯ ದಡಕ್ಕೆ ಅದನ್ನು ಹೊಡೆಯಲೇಬಾರದು.

ಕಾಂಕ್ರೀಟು ಹೊದಿಸಿದ ನಾಲೆಗೆ ಬಿದ್ದ ಕಪ್ಪೆ ಹತ್ತಿ ಬರಲಾರದು. ತೂಬಿನ ಹತ್ತಿರ ಒರಟಾದ ಹಲಗೆಯನ್ನೋ ತೆಂಗಿನ ನಾರಿನ ಹಗ್ಗದ ಬಲೆಯನ್ನೋ ಇಳಿಬಿಟ್ಟರೆ ಕೆಲವಾದರೂ ಬದುಕುತ್ತವೆ.

ರೋಗದ ಅನುಮಾನ

ಮೈಮೇಲೆ ಗಾಯವಿಲ್ಲದ ಹಲವು ದೊಡ್ಡ ಕಪ್ಪೆಗಳು ಒಂದೇ ಕಡೆ ಸತ್ತಿದ್ದರೆ, ಚರ್ಮ ಅತಿಯಾಗಿ ಸುಲಿದಿದ್ದರೆ ಕೈಟ್ರಿಡ್ ಎಂಬ ಶಿಲೀಂಧ್ರದ ಸಂಶಯ ಬರುತ್ತದೆ. ಅದು ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಪತ್ತೆಯಾಗಿದೆ. 17ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದು 30ರ ಆಚೆ ಸೊರಗುತ್ತದೆ. ಬರಿಗೈಯಿಂದ ಮುಟ್ಟದೆ ಚಿತ್ರ ತೆಗೆದು ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಿ, ಇನ್ನೊಂದು ಕೆರೆಗೆ ಇಳಿಯುವ ಮುನ್ನ ಬೂಟನ್ನೂ ಬಲೆಯನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ.

ಹೊಳೆಯಲ್ಲಿ ಮರಿ ಕಾಣದಿದ್ದರೆ

ಕಾವೇರಿಯಲ್ಲಿ ಇದೇ ತರ್ಕವನ್ನು ಮೀನಿನ ಗಾತ್ರಕ್ಕೆ ಅನ್ವಯಿಸಬೇಕು. ದೊಡ್ಡ ಮೀನು ಮಾಯವಾಗಿ ಮರಿಗಳು ಮಾತ್ರ ಇದ್ದರೆ ಸಿಡಿಮದ್ದು ಅಥವಾ ಮಿತಿಮೀರಿದ ಬಲೆ ಕಾರಣ. ದೊಡ್ಡವು ಇದ್ದು ಮರಿಯಿಲ್ಲದಿದ್ದರೆ ಮೊಟ್ಟೆಯಿಡುವ ಜಾಗ ಹಾಳಾಗಿದೆ. ಬಿಳಿಮೀನಿಗೆ (ಮಹಸೀರ್) ಹರಿಯುವ ನೀರು, ಜಲ್ಲಿ ಮತ್ತು ಆಳದ ಮಡು ಮೂರೂ ಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನನ್ನು ಹಿಡಿದಿದ್ದರು. ಆ ಡುಬ್ಬದ ಬಿಳಿಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸ್ಥಿರವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಹೆಸರು ನಿಲ್ಲುವ ಹೊತ್ತಿಗೆ ಮೀನು ಅಪರೂಪವಾಗಿತ್ತು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಬೇರೆ ಕಡೆಯಿಂದ ತಂದ ನೀಲಿ ರೆಕ್ಕೆಯ ಬಿಳಿಮೀನಿನ ಮರಿಗಳನ್ನು ದಶಕಗಳ ಕಾಲ ಕಾವೇರಿಗೆ ಬಿಟ್ಟದ್ದೂ ಅದರ ಕುಸಿತದ ಕಾರಣಗಳಲ್ಲಿ ಒಂದೆಂದು ತಜ್ಞರು ಗುರುತಿಸಿದ್ದಾರೆ. ಮೀನು ಬಿಡುವುದೇ ಸಂರಕ್ಷಣೆ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ಜಲ್ಲಿಯ ಪರೀಕ್ಷೆಗೆ ಮೊಣಕಾಲುದ್ದದ ಹರಿವಿನಲ್ಲಿ, ಮೊಸಳೆಯ ಭಯವಿಲ್ಲದ ಜಾಗದಲ್ಲಿ, ಪಾದದಿಂದ ಕಲ್ಲುಗಳನ್ನು ಕೆದಕಿ. ಕೆಸರಿನ ಮೋಡವೆದ್ದು ಬಹಳ ಹೊತ್ತು ಇಳಿಯದಿದ್ದರೆ ಕಲ್ಲುಗಳ ಸಂದು ಹೂಳಿನಿಂದ ಮುಚ್ಚಿದೆ, ಅಲ್ಲಿ ಮೊಟ್ಟೆ ಉಸಿರಾಡಲಾರದು. ಕಲ್ಲನ್ನು ಮಗುಚಿದಾಗ ಮೂರು ಬಾಲದ ಚಪ್ಪಟೆ ಹುಳುಗಳು, ಮರಳಿನ ಕಣಗಳಿಂದ ಕೋಶ ಕಟ್ಟಿಕೊಂಡ ಹುಳುಗಳು ಕಂಡರೆ ನೀರು ಚೆನ್ನಾಗಿದೆ; ಕೆಂಪು ದಾರದಂತಹ ಹುಳುಗಳು ಮಾತ್ರ ತುಂಬಿದ್ದರೆ ಮೇಲೆಲ್ಲೋ ಒಳಚರಂಡಿ ಸೇರುತ್ತಿದೆ. ಮರಳು ತೆಗೆದ ಜಾಗದಲ್ಲಿ ಇವೆರಡೂ ಇರುವುದಿಲ್ಲ, ಬರಿಯ ಗುಂಡಿಯಿರುತ್ತದೆ. 1940ರಿಂದ ರಕ್ಷಣೆಯಲ್ಲಿರುವ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ನೀರುನಾಯಿ ಉಳಿದಿದೆ. ಹೋಲಿಕೆಗೆ ಬೇಕಾದ ಒಳ್ಳೆಯ ಹೊಳೆ ಹೇಗಿರುತ್ತದೆಂದು ನೋಡಲು ನಾವು ದೂರ ಹೋಗಬೇಕಿಲ್ಲ.

ದುರಸ್ತಿಯ ನಂತರ

ಸರಿಪಡಿಸಿದ ಮೇಲೆ ಒಂದು ಮಳೆಗಾಲದಲ್ಲಿಯೇ ಫಲ ಬೇಕೆನ್ನಬಾರದು, ಮತ್ತು ಒಂದೇ ಸಲ ನಾಲ್ಕು ಬದಲಾವಣೆ ಮಾಡಬಾರದು. ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಬೇರೆ ಕೆರೆಯಿಂದ ಕಪ್ಪೆ ಹಿಡಿದು ತಂದು ಬಿಡುವುದೂ ಬೇಡ, ರೋಗವೂ ಜೊತೆಗೆ ಬರುತ್ತದೆ. ಅದೇ ಐದು ಜಾಗಗಳಲ್ಲಿ, ಅದೇ ಹೊತ್ತಿನಲ್ಲಿ ಧ್ವನಿಮುದ್ರಣವನ್ನು ಮುಂದುವರಿಸಬೇಕು. ನಮ್ಮ ಕೆರೆಯಲ್ಲಿ ಇಳಿಜಾರು ನಿಂತ ವರ್ಷದ ಹಸ್ತ ಮಳೆಗೆ ನೆಲಗಪ್ಪೆಯ ಮೊಟ್ಟೆಯ ದಾರಗಳು ಕಂಡವು. ಮರುವರ್ಷ ಹೊಂಗೆಯ ಕೊಂಬೆಯಲ್ಲಿ ಮರಗಪ್ಪೆಯ ನೊರೆಗೂಡುಗಳಿದ್ದವು. ಗೋಂಕರುಕಪ್ಪೆ ಇನ್ನೂ ಬಂದಿಲ್ಲ. ಕೆರೆಗೂ ಗದ್ದೆಗೂ ನಡುವಿನ ಹಳೆಯ ಹೊಂಡವನ್ನು ಈ ಬೇಸಿಗೆಯಲ್ಲಿ ಮತ್ತೆ ತೋಡಿದ್ದೇವೆ, ಭರಣಿ ಮಳೆಗೆ ಅದರ ಪಕ್ಕದಲ್ಲಿ ಆರನೆಯ ಜಾಗವೊಂದನ್ನು ಗುರುತು ಹಾಕಿಕೊಂಡಿದ್ದೇವೆ.